ತೂಕ ನೋಡಲು ಪಾಸ್‌ವರ್ಡ್ ಏಕೆ ಬೇಕು?

ಹೃದಯದ ಶಕ್ತಿ ಕುಂದಿದ ರೋಗಿಗಳನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ವೈದ್ಯರು ಮಾತ್ರೆಯ ಚೀಟಿಯ ಜೊತೆಗೆ ಇನ್ನೊಂದು ಮಾತನ್ನೂ ಹೇಳಿ ಕಳಿಸುತ್ತಾರೆ: ದಿನಾ ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ಒಂದೇ ದಿನದಲ್ಲಿ ಒಂದು ಕಿಲೋಗಿಂತ ಹೆಚ್ಚು ಅಥವಾ ಒಂದು ವಾರದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ ಅದು ಬಹಳ ಸಲ ಮೈಯಲ್ಲಿ ನಿಲ್ಲುತ್ತಿರುವ ನೀರು. ಪಾದ ಊದಿಕೊಳ್ಳುವುದಕ್ಕೆ, ಮಲಗಿದರೆ ಉಸಿರು ಕಟ್ಟುವುದಕ್ಕೆ ಮೊದಲೇ ತೂಕದ ಯಂತ್ರ ಅದರ ಸುಳಿವು ಕೊಡಬಲ್ಲದು. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮೈಯಿಂದ ಪ್ರತಿ ಸಲ ಎಷ್ಟು ನೀರು ತೆಗೆಯಬೇಕು ಎಂಬ ಲೆಕ್ಕವೂ ಶುರುವಾಗುವುದು ತೂಕದಿಂದಲೇ.

ಹೀಗಿರುವಾಗ ವೈಫೈ ಇರುವ ತೂಕದ ಯಂತ್ರ ಒಳ್ಳೆಯ ಯೋಚನೆಯೇ. ಧಾರವಾಡದಲ್ಲಿ ಅಮ್ಮ ಹಲಗೆಯ ಮೇಲೆ ನಿಂತರೆ ಸಾಕು, ಬೆಂಗಳೂರಿನಲ್ಲೋ ಹ್ಯೂಸ್ಟನ್ನಿನಲ್ಲೋ ಇರುವ ಮಗಳ ಫೋನಿನಲ್ಲಿ ಆ ಅಂಕಿ ಮೂಡುತ್ತದೆ. ಪುಸ್ತಕದಲ್ಲಿ ಬರೆದಿಡುವ ಕೆಲಸವಿಲ್ಲ, ಮರೆತುಹೋಗುವ ಭಯವಿಲ್ಲ. ಫ್ರಾನ್ಸಿನ ವಿದಿಂಗ್ಸ್ ಕಂಪನಿ ವೈಫೈ ತೂಕದ ಯಂತ್ರವನ್ನು 2009ರಲ್ಲೇ ಮಾರುಕಟ್ಟೆಗೆ ತಂದಿತು. 2012ರಲ್ಲಿ ಅಮೆರಿಕದ ಫಿಟ್‌ಬಿಟ್ ‘ಆರಿಯಾ’ ಎಂಬ ಯಂತ್ರ ತಂದಿತು. ಈಗ ಆನ್‌ಲೈನ್ ಅಂಗಡಿಗಳಲ್ಲಿ ಇಂಥ ಯಂತ್ರಗಳು ಸಾಲುಸಾಲಾಗಿ ಸಿಗುತ್ತವೆ. ಹಬ್ಬದ ರಿಯಾಯಿತಿಯಲ್ಲಿ ಅಪ್ಪ ಅಮ್ಮನ ವಿಳಾಸಕ್ಕೆ ಮಕ್ಕಳು ತರಿಸಿ ಕೊಡುವ ಉಡುಗೊರೆಗಳಲ್ಲಿ ಇದೂ ಸೇರಿದೆ.

ಆದರೆ ಡಬ್ಬ ಬಿಚ್ಚಿ, ಬ್ಯಾಟರಿ ಹಾಕಿ, ಆ್ಯಪ್ ಇಳಿಸಿಕೊಂಡ ಮೇಲೆ ಬರುವ ‘ಮನೆಯ ವೈಫೈಗೆ ಜೋಡಿಸಿ’ ಎಂಬ ಹಂತದಲ್ಲಿ ಬಹಳ ಮನೆಗಳಲ್ಲಿ ಗಾಡಿ ನಿಂತುಬಿಡುತ್ತದೆ. ಫೋನಿನ ಪರದೆಯ ಮೇಲೆ ಚಕ್ರ ಸುತ್ತುತ್ತದೆ, ಕೊನೆಗೆ ‘ಸಂಪರ್ಕ ಸಾಧ್ಯವಾಗಲಿಲ್ಲ, ಮತ್ತೆ ಪ್ರಯತ್ನಿಸಿ’ ಎಂಬ ಸಾಲು ಬರುತ್ತದೆ. ಏಕೆ ಸಾಧ್ಯವಾಗಲಿಲ್ಲ ಎಂದು ಮಾತ್ರ ಅದು ಹೇಳುವುದಿಲ್ಲ. ಪಾಸ್‌ವರ್ಡ್ ತಪ್ಪಾಯಿತೇ, ರೂಟರ್ ದೂರವಾಯಿತೇ, ಯಂತ್ರವೇ ಕೆಟ್ಟಿದೆಯೇ? ಉತ್ತರವಿಲ್ಲದ ಕಡೆ ಮನುಷ್ಯರು ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಳ್ಳುತ್ತಾರೆ. ‘ನನಗೆ ಇದೆಲ್ಲ ಗೊತ್ತಾಗಲ್ಲಪ್ಪ’ ಎಂದು ಹಿರಿಯರು ಫೋನನ್ನು ಪಕ್ಕಕ್ಕಿಡುತ್ತಾರೆ. ನಾಲ್ಕು ದಿನ ಕಳೆದರೆ ಯಂತ್ರ ಮಂಚದ ಕೆಳಗೆ ಸೇರುತ್ತದೆ.

ಆ ಹಿರಿಯರ ತಪ್ಪು ಇದರಲ್ಲಿ ಏನೂ ಇಲ್ಲ. ಯಂತ್ರದ ಒಳಗೆ ನಡೆಯುವುದನ್ನು ತಿಳಿದರೆ ಇದು ಗೊತ್ತಾಗುತ್ತದೆ.

ಮನೆಯ ವೈಫೈ ಸಾಮಾನ್ಯವಾಗಿ ಎರಡು ಪಟ್ಟಿಗಳಲ್ಲಿ ಓಡುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಭಾರತದಲ್ಲಿ 2.4ರ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಲು ಕೇಂದ್ರ ಸರ್ಕಾರ ಮುಕ್ತಗೊಳಿಸಿದ್ದು 2005ರಲ್ಲಿ. ಅದರ ಅಲೆ ಗೋಡೆ ದಾಟಿ ದೂರ ಹೋಗುತ್ತದೆ, ವೇಗ ಕಡಿಮೆ. 5ರದು ವೇಗ ಹೆಚ್ಚು, ಆದರೆ ಎರಡು ಗೋಡೆ ಅಡ್ಡ ಬಂದರೆ ಸೊರಗುತ್ತದೆ. ತೂಕದ ಯಂತ್ರಗಳಲ್ಲಿ ಬಹುಪಾಲಿಗೆ ಗೊತ್ತಿರುವುದು 2.4 ಒಂದೇ. ಕಾರಣ ಹಣದ್ದು. ಶಾಂಘೈನ ಎಸ್‌ಪ್ರೆಸಿಫ್ ಕಂಪನಿ 2014ರಲ್ಲಿ ಇಎಸ್‌ಪಿ8266 ಎಂಬ ಅತಿ ಅಗ್ಗದ ವೈಫೈ ಚಿಪ್ ತಂದಿತು. ಬಲ್ಬು, ಪ್ಲಗ್ಗು, ಇನ್ನೂ ನೂರೆಂಟು ಮನೆಸಾಮಾನುಗಳು ವೈಫೈಗೆ ಬಂದದ್ದು ಇಂಥ ಚಿಪ್ಪುಗಳ ದಯೆಯಿಂದ. ಅದು 2.4ರ ಚಿಪ್ಪು.

ಈಗಿನ ಫೈಬರ್ ಸಂಪರ್ಕದ ಜೊತೆ ಬರುವ ರೂಟರ್ ಎರಡೂ ಪಟ್ಟಿಗಳಿಗೆ ಸಾಮಾನ್ಯವಾಗಿ ಒಂದೇ ಹೆಸರು ಇಟ್ಟಿರುತ್ತದೆ. ಫೋನು ಯಾವುದು ಚುರುಕೋ ಅದನ್ನು ಹಿಡಿಯುತ್ತದೆ, ಅಂದರೆ 5. ತೂಕದ ಯಂತ್ರವನ್ನು ಜೋಡಿಸುವ ಆ್ಯಪ್‌ಗಳಲ್ಲಿ ಕೆಲವು, ಫೋನು ಯಾವ ಪಟ್ಟಿಯಲ್ಲಿದೆಯೋ ಅದೇ ಪಟ್ಟಿಯಲ್ಲಿ ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ಗಾಳಿಗೆ ಬಿಡುತ್ತವೆ. ಯಂತ್ರ ಅದನ್ನು ಕೇಳಿಸಿಕೊಂಡು ಒಳಗೆ ಬರಬೇಕು. ಫೋನು 5ರಲ್ಲಿ ಕೂಗುತ್ತಿದೆ, ಯಂತ್ರಕ್ಕೆ ಕಿವಿ ಇರುವುದು 2.4ಕ್ಕೆ. ಪಾಸ್‌ವರ್ಡನ್ನು ಎಷ್ಟು ಸಲ ಸರಿಯಾಗಿ ಒತ್ತಿದರೂ ಅದು ತಲುಪುವುದಿಲ್ಲ.

ಇನ್ನು ಕೆಲವು ಯಂತ್ರಗಳು ತಾವೇ ಒಂದು ಪುಟ್ಟ ಹಾಟ್‌ಸ್ಪಾಟ್ ಹುಟ್ಟಿಸುತ್ತವೆ. ಫೋನನ್ನು ಅದಕ್ಕೆ ಜೋಡಿಸಿ, ಅದರ ಮೂಲಕ ಮನೆಯ ವೈಫೈ ವಿವರ ಕೊಡಬೇಕು. ಇಲ್ಲಿ ಫೋನೇ ಅಡ್ಡ ಬರುತ್ತದೆ. ಈ ಹಾಟ್‌ಸ್ಪಾಟಿನಲ್ಲಿ ಇಂಟರ್‌ನೆಟ್ ಇಲ್ಲ ಎಂದು ಗೊತ್ತಾದ ತಕ್ಷಣ ಅದು ಮೊಬೈಲ್ ಡೇಟಾಗೆ ಹಾರುತ್ತದೆ. ಜೋಡಣೆ ಅರ್ಧಕ್ಕೇ ಹರಿದುಹೋಗುತ್ತದೆ. ಮೊಬೈಲ್ ಡೇಟಾ ಆಫ್ ಮಾಡಿದರೆ ಕೆಲಸ ಸಲೀಸು. ಈ ಒಂದು ಸಾಲನ್ನು ಆ್ಯಪ್ ಹೇಳಿಬಿಟ್ಟರೆ ಎಷ್ಟೋ ಮನೆಗಳ ಒಂದು ಸಂಜೆ ಉಳಿಯುತ್ತದೆ.

ಅನುಮತಿಗಳದ್ದು ಇನ್ನೊಂದು ಕಥೆ. 2015ರ ಆ್ಯಂಡ್ರಾಯ್ಡ್ 6ರಿಂದ ಆ್ಯಂಡ್ರಾಯ್ಡ್ 11ರವರೆಗೆ, ಹತ್ತಿರದ ಬ್ಲೂಟೂತ್ ಸಾಧನವನ್ನು ಆ್ಯಪ್ ಹುಡುಕಬೇಕಾದರೆ ಫೋನಿನ ಮಾಲೀಕರು ‘ಲೊಕೇಶನ್’ ಅನುಮತಿ ಕೊಡಲೇಬೇಕಿತ್ತು. 2021ರ ಆ್ಯಂಡ್ರಾಯ್ಡ್ 12 ಬಂದ ಮೇಲೆ ಇದಕ್ಕೆ ಬೇರೆ ಅನುಮತಿಯ ವ್ಯವಸ್ಥೆ ಆಯಿತು, ಆದರೆ ಹಳೆಯ ಫೋನುಗಳು ಮನೆಗಳಲ್ಲಿ ಇನ್ನೂ ಇವೆ. ಕಂಡ ಕಂಡ ಆ್ಯಪ್‌ಗೆ ಅನುಮತಿ ಕೊಡಬೇಡಿ ಎಂದು ಬ್ಯಾಂಕಿನವರು, ಪೊಲೀಸರು ಮತ್ತೆ ಮತ್ತೆ ಹೇಳಿದ್ದಾರೆ. ತೂಕ ನೋಡುವ ಆ್ಯಪ್ ‘ನೀವು ಎಲ್ಲಿದ್ದೀರಿ’ ಎಂದು ಕೇಳಿದಾಗ ಒಬ್ಬ ನಿವೃತ್ತ ಶಿಕ್ಷಕಿ ‘ಬೇಡ’ ಎಂದು ಒತ್ತಿದರೆ ಅವರು ಮಾಡಿದ್ದು ಸರಿ. ಸರಿಯಾದುದನ್ನು ಮಾಡಿದವರಿಗೆ ‘ಸಾಧನ ಸಿಗಲಿಲ್ಲ’ ಎಂಬ ಉತ್ತರ ಸಿಗುವುದು ಬಳಕೆದಾರರನ್ನು ಅಗೌರವದಿಂದ ಕಾಣುವ ವಿನ್ಯಾಸ.

ರಕ್ಷಣೆಯ ನಿಯಮವೂ ಬದಲಾಗಿದೆ. ಡಬ್ಲ್ಯೂಪಿಎ2 ಎಂಬ ಬೀಗ 2004ರದು, ಡಬ್ಲ್ಯೂಪಿಎ3 ಬಂದದ್ದು 2018ರಲ್ಲಿ. ಹೊಸ ರೂಟರನ್ನು ಡಬ್ಲ್ಯೂಪಿಎ3ಕ್ಕೆ ಮಾತ್ರ ಬಿಗಿಮಾಡಿಟ್ಟರೆ ಹಳೆಯ ಯಂತ್ರಕ್ಕೆ ಬಾಗಿಲೇ ತೆರೆಯುವುದಿಲ್ಲ. ಫಿಟ್‌ಬಿಟ್‌ನ ಮೊದಲ ಆರಿಯಾಕ್ಕೆ ಇದಕ್ಕಿಂತ ಕಷ್ಟವಿತ್ತು. ಅದಕ್ಕೆ ಬೇಕಿದ್ದುದು 802.11ಬಿ, ಅಂದರೆ 1999ರ ವೈಫೈ. ವೇಗ ಹೆಚ್ಚಿಸಲೆಂದು ಮನೆಯವರು ರೂಟರಿನಲ್ಲಿ ಹಳೆಯ ವಿಧಾನವನ್ನು ಆಫ್ ಮಾಡಿದರೆ ಯಂತ್ರದ ಸಂಪರ್ಕ ಕಡಿದುಹೋಗುತ್ತಿತ್ತು. ಎರಡನೆಯ ಆವೃತ್ತಿಯಲ್ಲಿ ಅದು ಸುಧಾರಿಸಿತು. ಮುಂದೆ 2019ರಲ್ಲಿ ಬಂದ ‘ಆರಿಯಾ ಏರ್’ನಲ್ಲಿ ಕಂಪನಿ ವೈಫೈಯನ್ನೇ ಕೈಬಿಟ್ಟು ಬರೀ ಬ್ಲೂಟೂತ್ ಇಟ್ಟಿತು.

ಅಮೆರಿಕದಿಂದ ಸೂಟ್‌ಕೇಸಿನಲ್ಲಿ ಬರುವ ಯಂತ್ರಕ್ಕೆ ಇನ್ನೊಂದು ತೊಡಕಿದೆ. 2.4ರ ಪಟ್ಟಿಯೊಳಗೆ ಚಾನೆಲ್ಲುಗಳಿವೆ. ಅಮೆರಿಕದ ಸಾಧನಗಳು ಸಾಮಾನ್ಯವಾಗಿ 1ರಿಂದ 11ರವರೆಗೆ ಮಾತ್ರ ನೋಡುತ್ತವೆ. ಭಾರತದಲ್ಲಿ 12 ಮತ್ತು 13 ಕೂಡ ಬಳಕೆಯಲ್ಲಿವೆ. ಮೈಸೂರಿನ ಮನೆಯ ರೂಟರ್ ತಾನಾಗಿ 13ನೆಯ ಚಾನೆಲ್ ಆರಿಸಿಕೊಂಡಿದ್ದರೆ, ಅಲ್ಲಿಂದ ಬಂದ ಯಂತ್ರಕ್ಕೆ ಆ ಮನೆಯಲ್ಲಿ ವೈಫೈಯೇ ಕಾಣದು. ಅದೇ ಕೋಣೆಯಲ್ಲಿ ಫೋನು, ಟೀವಿ ಎಲ್ಲ ಚೆನ್ನಾಗಿ ನಡೆಯುತ್ತಿರುತ್ತವೆ. ರೂಟರಿನಲ್ಲಿ ಚಾನೆಲ್ಲನ್ನು 1, 6 ಅಥವಾ 11ಕ್ಕೆ ನಿಲ್ಲಿಸಿದರೆ ಕಾಣಲು ಶುರುವಾಗುತ್ತದೆ. ಇದನ್ನು ಊಹಿಸಿ ಕಂಡುಹಿಡಿಯಬೇಕು ಎಂದು ಯಾರಿಂದ ನಿರೀಕ್ಷಿಸಬಹುದು?

ಕನ್ನಡದಲ್ಲಿ ವೈಫೈ ಹೆಸರು ಇಟ್ಟುಕೊಳ್ಳುವ ಆಸೆ ಇರುವವರಿಗೂ ಇಲ್ಲೊಂದು ಗೋಡೆ ಇದೆ. ವೈಫೈ ಹೆಸರಿಗೆ ಕೊಟ್ಟಿರುವ ಜಾಗ 32 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡಿನ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಸ್ವರಚಿಹ್ನೆಗೂ ಮೂರು ಮೂರು ಬೇಕು. ‘ಬೆಂಗಳೂರು ಮನೆ’ ಎಂದು ಬರೆದರೆ ಆಗಲೇ 34 ಬೈಟ್, ಮಿತಿ ದಾಟಿತು. ಚಿಕ್ಕ ಹೆಸರಿಟ್ಟರೂ ಅಗ್ಗದ ಸಾಧನಗಳು ಇಂಗ್ಲಿಷ್ ಅಲ್ಲದ ಅಕ್ಷರ ಕಂಡರೆ ತಡವರಿಸುವುದುಂಟು. ಆದ್ದರಿಂದ ಜೋಡಣೆ ಆಗುವವರೆಗಾದರೂ ಹೆಸರು ಸರಳ ಇಂಗ್ಲಿಷಿನಲ್ಲಿ, ಖಾಲಿ ಜಾಗ ಬಿಡದೆ ಇರುವುದು ಕ್ಷೇಮ. ಇದು ಬೇಸರದ ಸಲಹೆ. ಕನ್ನಡದಲ್ಲಿ ಹೆಸರಿಟ್ಟ ಮನೆ ಕಂಪನಿಯ ಪರೀಕ್ಷಾ ಕೋಣೆಗೆ ಒಮ್ಮೆಯಾದರೂ ಬಂದಿದ್ದರೆ ಈ ಸಲಹೆ ಬೇಕಾಗುತ್ತಿರಲಿಲ್ಲ.

ಒಮ್ಮೆ ಜೋಡಣೆಯಾದ ಮೇಲೂ ಯಂತ್ರ ಆಗಾಗ ಕೈಕೊಡುವುದೇಕೆ ಎಂಬುದಕ್ಕೆ ಕಾರಣ ಬ್ಯಾಟರಿ. ರೂಟರಿನಂತೆ ಅದು ಗೋಡೆಯ ಕರೆಂಟಿನಲ್ಲಿ ಓಡುವುದಿಲ್ಲ. ಮೂರೋ ನಾಲ್ಕೋ ಪೆನ್ಸಿಲ್ ಸೆಲ್ಲುಗಳಲ್ಲಿ ತಿಂಗಳುಗಟ್ಟಲೆ ಬಾಳಬೇಕು. ವೈಫೈ ಚಿಪ್ಪು ಮಾತಾಡುವಾಗ ಬಹಳ ವಿದ್ಯುತ್ ಕುಡಿಯುತ್ತದೆ. ಹಾಗಾಗಿ ಯಂತ್ರ ಸದಾ ನಿದ್ದೆಯಲ್ಲಿರುತ್ತದೆ, ಮೇಲೆ ಕಾಲಿಟ್ಟಾಗ ಏಳುತ್ತದೆ, ರೂಟರನ್ನು ಹುಡುಕಿ, ಒಳಗೆ ಬಿಡಿಸಿಕೊಂಡು, ಅಂಕಿ ಕಳಿಸಿ, ಕೆಲವೇ ಸೆಕೆಂಡುಗಳಲ್ಲಿ ಮತ್ತೆ ಮಲಗುತ್ತದೆ. ಅಷ್ಟರಲ್ಲಿ ರೂಟರ್ ಉತ್ತರಿಸದಿದ್ದರೆ, ಬಾಗಿಲು ತಟ್ಟಿ ಯಾರೂ ಬರದಿದ್ದಕ್ಕೆ ಹೊರಟುಹೋದ ಅಂಚೆಯವರಂತೆ, ಆ ದಿನದ ಅಂಕಿ ತಲುಪುವುದಿಲ್ಲ. ಯಂತ್ರ ಇಟ್ಟ ಜಾಗವೂ ಮುಖ್ಯ. ಕಾಂಕ್ರೀಟ್ ಗೋಡೆ, ನೀರಿನ ಟ್ಯಾಂಕ್, ಕಬ್ಬಿಣದ ಬೀರು ಎಲ್ಲವೂ ಅಲೆಯನ್ನು ತಡೆಯುತ್ತವೆ. ಸ್ನಾನದ ಮನೆಯ ನೆಲ ನಮ್ಮಲ್ಲಿ ದಿನವಿಡೀ ಒದ್ದೆ. ಹೀಗಾಗಿ ಯಂತ್ರ ಇರುವುದು ಮಲಗುವ ಕೋಣೆಯ ಮೂಲೆಯಲ್ಲಿ, ರೂಟರ್ ಇರುವುದು ಹಾಲಿನ ಟೀವಿಯ ಪಕ್ಕ.

ಪಿಜಿಗಳಲ್ಲಿ ಇರುವ ಹುಡುಗ ಹುಡುಗಿಯರಿಗೆ ಈ ಯಂತ್ರಗಳು ಕೆಲಸಕ್ಕೆ ಬರುವುದೇ ಕಷ್ಟ. ಅಲ್ಲಿನ ಎಷ್ಟೋ ವೈಫೈಗಳು ಒಳಗೆ ಬಿಡುವ ಮೊದಲು ಒಂದು ಪುಟ ತೆರೆದು ಫೋನ್ ನಂಬರು, ಒಟಿಪಿ ಕೇಳುತ್ತವೆ. ತೂಕದ ಯಂತ್ರಕ್ಕೆ ಆ ಪುಟ ತೋರಿಸುವ ಪರದೆಯೇ ಇಲ್ಲ.

ಇಂದು ರಾತ್ರಿಯೇ ಯಂತ್ರ ಜೋಡಿಸಬೇಕಾದವರಿಗೆ ಇಷ್ಟು ಸಾಕು. ರೂಟರಿನಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಎಂಬ ಸೌಲಭ್ಯ ಇದ್ದರೆ ಅದನ್ನು 2.4ರಲ್ಲಿ ಮಾತ್ರ, ಡಬ್ಲ್ಯೂಪಿಎ2 ಬೀಗದಲ್ಲಿ, ಸರಳ ಹೆಸರು ಮತ್ತು ಚಿಹ್ನೆಗಳಿಲ್ಲದ ಉದ್ದನೆಯ ಪಾಸ್‌ವರ್ಡಿನೊಂದಿಗೆ ತೆರೆಯಬೇಕು. ಫೋನನ್ನು ಅದಕ್ಕೇ ಜೋಡಿಸಿ, ಮೊಬೈಲ್ ಡೇಟಾ ಆಫ್ ಮಾಡಿ, ಯಂತ್ರವನ್ನು ರೂಟರಿನ ಹತ್ತಿರ ಗಟ್ಟಿ ನೆಲದ ಮೇಲಿಟ್ಟು ಕೆಲಸ ಮುಗಿಸಬೇಕು. ಬ್ಯಾಟರಿ ಹೊಸದಿರಲಿ, ತೂಕ ತೋರಿಸುವಷ್ಟು ಶಕ್ತಿ ಉಳಿದ ಸೆಲ್ಲಿಗೆ ವೈಫೈ ನಡೆಸುವಷ್ಟು ಶಕ್ತಿ ಇರಲೇಬೇಕೆಂದಿಲ್ಲ. ಗೆಸ್ಟ್ ನೆಟ್‌ವರ್ಕಿನಿಂದ ಒಂದು ಲಾಭವೂ ಇದೆ: ಅಗ್ಗದ ಸಾಧನ ಮನೆಯ ಕಂಪ್ಯೂಟರು, ಫೋನುಗಳಿಂದ ದೂರ ಉಳಿಯುತ್ತದೆ. ರೂಟರಿನ ಒಳಪುಟ ತೆರೆಯಲು ಬಾರದವರು ಫೈಬರ್ ಹಾಕಿದ ಹುಡುಗನಿಗೆ ಫೋನ್ ಮಾಡಿ ‘2.4ಕ್ಕೆ ಬೇರೆ ಹೆಸರು ಕೊಡಪ್ಪ’ ಎಂದು ಕೇಳಬಹುದು. ಗೊತ್ತಿರುವವರಿಗೆ ಅದು ಚಿಕ್ಕ ಕೆಲಸ.

ಆದರೆ ಇದಿಷ್ಟೂ ತಿಳಿದ ಮೇಲೆಯೂ ಒಂದು ಪ್ರಶ್ನೆ ಉಳಿಯುತ್ತದೆ. ಒಬ್ಬರ ತೂಕ ಅವರಿಗೆ ತಿಳಿಯಲು ಇಷ್ಟೆಲ್ಲ ಏಕೆ ಬೇಕು?

ತೂಕ ನೋಡುವುದು ಒಂದು ಕೆಲಸ, ಅದನ್ನು ದೂರಕ್ಕೆ ಕಳಿಸುವುದು ಇನ್ನೊಂದು. ಅಂಗನವಾಡಿಗಳಲ್ಲಿ ಈ ಎರಡೂ ಇಂದಿಗೂ ಬೇರೆ ಬೇರೆಯಾಗಿಯೇ ಇವೆ. ಕಾರ್ಯಕರ್ತೆ ಮಗುವನ್ನು ತಕ್ಕಡಿಯಲ್ಲಿ ತೂಗಿ ಅಂಕಿ ನೋಡುತ್ತಾರೆ, ತಾಯಿಗೆ ಹೇಳುತ್ತಾರೆ. ಆಮೇಲೆ 2021ರಲ್ಲಿ ಬಂದ ‘ಪೋಷಣ್ ಟ್ರ್ಯಾಕರ್’ ಆ್ಯಪ್‌ಗೆ ಅದನ್ನು ತುಂಬುತ್ತಾರೆ. ಮಲೆನಾಡಿನ ಕೇಂದ್ರದಲ್ಲಿ ನೆಟ್‌ವರ್ಕ್ ಇಲ್ಲದ ದಿನ ತುಂಬುವ ಕೆಲಸ ತಡವಾಗಬಹುದು, ಮಗು ಎಷ್ಟು ತೂಗುತ್ತದೆ ಎಂಬುದು ತಾಯಿಗೆ ತಿಳಿಯುವುದು ತಡವಾಗುವುದಿಲ್ಲ. ಮನೆಯ ಯಂತ್ರಕ್ಕೂ ಇದೇ ಕ್ರಮ ಇರಬೇಕು. ಡಬ್ಬದಿಂದ ತೆಗೆದು ಸೆಲ್ ಹಾಕಿದ ಕೂಡಲೇ, ಖಾತೆ ತೆರೆಯದೆ, ಒಟಿಪಿ ಕೊಡದೆ, ಕಿಲೋದಲ್ಲಿ ತೂಕ ತೋರಿಸಬೇಕು. ವೈಫೈ ಇಲ್ಲದ ದಿನಗಳ ಅಂಕಿಗಳನ್ನು ತನ್ನೊಳಗೇ ಇಟ್ಟುಕೊಂಡು, ಸಂಪರ್ಕ ಬಂದಾಗ ಕಳಿಸಬೇಕು. ವೈಫೈ ಒಲ್ಲೆನೆಂದರೆ ಬ್ಲೂಟೂತಿನಲ್ಲಿ ಪಕ್ಕದ ಫೋನಿಗೆ ಕೊಡಬೇಕು. ಒಳ್ಳೆಯ ಕಂಪನಿಗಳ ಯಂತ್ರಗಳಲ್ಲಿ ಇದರಲ್ಲಿ ಕೆಲವು ಈಗಲೂ ಇವೆ. ಎಲ್ಲದರಲ್ಲೂ ಇರಬೇಕು ಎಂಬ ಕಟ್ಟಳೆ ಇಲ್ಲ.

ಕಟ್ಟಳೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಇದೆ. ಕ್ರೀಡಾ ಉಡುಪಿನ ಕಂಪನಿ ಅಂಡರ್ ಆರ್ಮರ್ 2016ರ ಜನವರಿಯಲ್ಲಿ ಎಚ್‌ಟಿಸಿ ಜೊತೆಗೂಡಿ ತೂಕದ ಯಂತ್ರ, ಮಣಿಕಟ್ಟಿನ ಪಟ್ಟಿ, ಎದೆಯ ಪಟ್ಟಿ ಸೇರಿದ ‘ಹೆಲ್ತ್‌ಬಾಕ್ಸ್’ ಒಂದನ್ನು 400 ಡಾಲರಿಗೆ ಮಾರಿತು. ಮರುವರ್ಷವೇ ಆ ವ್ಯಾಪಾರ ಸಾಕೆನಿಸಿತು. 2019ರ ಕೊನೆಯ ದಿನ ಅದರ ಆ್ಯಪ್ ಅಂಗಡಿಗಳಿಂದ ಮರೆಯಾಯಿತು, 2020ರ ಮಾರ್ಚ್ ಅಂತ್ಯಕ್ಕೆ ಬೆಂಬಲ ನಿಂತಿತು. ಹೊಸ ಫೋನು ಕೊಂಡವರಿಗೆ ಆ ಯಂತ್ರವನ್ನು ಜೋಡಿಸುವ ದಾರಿಯೇ ಉಳಿಯಲಿಲ್ಲ. ಲೋಹ, ಗಾಜು, ಸೆನ್ಸರು ಎಲ್ಲ ನೆಟ್ಟಗಿದ್ದವು. 2025ರ ಅಕ್ಟೋಬರ್ 20ರಂದು ಅಮೆಜಾನಿನ ಕ್ಲೌಡ್ ಸೇವೆ ಕುಸಿದಾಗ ಅಮೆರಿಕದ ಏಟ್ ಸ್ಲೀಪ್ ಕಂಪನಿಯ ಸ್ಮಾರ್ಟ್ ಹಾಸಿಗೆ ಕೊಂಡವರು ತಮ್ಮ ಹಾಸಿಗೆಯ ಬಿಸಿ ತಣ್ಣಗಿನ ಮೇಲೆ ಹತೋಟಿ ಕಳೆದುಕೊಂಡರು. ಇಂಟರ್‌ನೆಟ್ ಇಲ್ಲದೆಯೂ ನಡೆಯುವ ವ್ಯವಸ್ಥೆಯನ್ನು ಕಂಪನಿ ಆಮೇಲೆ ಸೇರಿಸಿತು. ಮೊದಲೇ ಸೇರಿಸಲು ಏನು ಅಡ್ಡಿಯಿತ್ತು ಎಂದು ಗ್ರಾಹಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಸಿಬ್ಬಂದಿ 184 ಸ್ಮಾರ್ಟ್ ಸಾಧನಗಳನ್ನು ಪರಿಶೀಲಿಸಿ 2024ರ ನವೆಂಬರಿನಲ್ಲಿ ವರದಿ ಕೊಟ್ಟರು. ಸಾಫ್ಟ್‌ವೇರ್ ಬೆಂಬಲ ಎಷ್ಟು ಕಾಲ ಇರುತ್ತದೆ ಎಂಬ ಮಾಹಿತಿ ಸುಮಾರು ಶೇಕಡಾ 89ರಷ್ಟು ಸಾಧನಗಳ ವಿಷಯದಲ್ಲಿ ತಯಾರಕರ ಜಾಲತಾಣದಲ್ಲಿ ಸಿಗಲಿಲ್ಲ. ಕೊಳ್ಳುವವರಿಗೆ ಎಷ್ಟು ವರ್ಷದ ವಸ್ತು ಕೊಳ್ಳುತ್ತಿದ್ದೇವೆ ಎಂಬುದೇ ಗೊತ್ತಿಲ್ಲ ಎಂದಾಯಿತು. ಬ್ರಿಟನ್ 2024ರ ಏಪ್ರಿಲ್ 29ರಿಂದ ಈ ಅವಧಿಯನ್ನು ತಿಳಿಸುವುದನ್ನು ಕಾನೂನಿನಲ್ಲೇ ಕಡ್ಡಾಯ ಮಾಡಿದೆ. ಯುರೋಪಿನ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಕಾಯ್ದೆ 2024ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಅದರ ಮುಖ್ಯ ಹೊಣೆಗಳು 2027ರ ಡಿಸೆಂಬರಿನಿಂದ ಅನ್ವಯಿಸುತ್ತವೆ, ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಸುರಕ್ಷತಾ ಬೆಂಬಲ ಕೊಡಬೇಕಾಗುತ್ತದೆ.

ಭಾರತಕ್ಕೆ ಇದು ಅಪರಿಚಿತ ದಾರಿಯಲ್ಲ. ಫ್ರಿಜ್ಜಿನ ಬಾಗಿಲ ಮೇಲಿನ ನಕ್ಷತ್ರಗಳ ಪಟ್ಟಿ 2006ರಲ್ಲಿ ಶುರುವಾದ ಯೋಜನೆಯ ಫಲ. ವಿದ್ಯುತ್ ಎಂಜಿನಿಯರಿಂಗ್ ಓದದ ಗೃಹಿಣಿಯೂ ಇಂದು ಅಂಗಡಿಯಲ್ಲಿ ‘ಇದು ಎಷ್ಟು ಸ್ಟಾರ್?’ ಎಂದು ಕೇಳಿ ಕೊಳ್ಳುತ್ತಾರೆ. ಪೊಟ್ಟಣದ ಮೇಲೆ ಬೆಲೆ, ತಯಾರಿಕೆಯ ತಿಂಗಳು, ಗ್ರಾಹಕ ದೂರಿನ ವಿವರ ಇರಬೇಕು ಎಂಬುದು 2011ರ ಕಾನೂನು ಮಾಪನ ನಿಯಮಗಳಲ್ಲಿದೆ. ಅದೇ ಡಬ್ಬದ ಮೇಲೆ ಇನ್ನೂ ಕೆಲವು ಸಾಲು ಬೇಕು: ಈ ಯಂತ್ರ ಯಾವ ವೈಫೈ ಪಟ್ಟಿಗೆ ಸೇರುತ್ತದೆ, ಯಾವ ಬೀಗ ಒಪ್ಪುತ್ತದೆ, ಆ್ಯಪ್ ಇಲ್ಲದೆ ಏನೇನು ಮಾಡುತ್ತದೆ, ಕಂಪನಿಯ ಸರ್ವರ್ ಯಾವ ವರ್ಷದವರೆಗೆ ಖಚಿತವಾಗಿ ನಡೆಯುತ್ತದೆ. ಕರ್ನಾಟಕದಲ್ಲಿ ಮಾರುವ ಡಬ್ಬದಲ್ಲಿ ಈ ಸಾಲುಗಳು ಕನ್ನಡದಲ್ಲೂ ಇರಬೇಕು. ದಿನಾ ತೂಕ ನೋಡಬೇಕಾದ ಹಿರಿಯರಲ್ಲಿ ಎಷ್ಟೋ ಮಂದಿಗೆ ಇಂಗ್ಲಿಷಿನ ಕೈಪಿಡಿ ಓದಲಾಗುವುದಿಲ್ಲ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಪೋರ್ಟಲ್ ತೆರೆದಿದೆ. ಟ್ರ್ಯಾಕ್ಟರ್, ಮೊಬೈಲ್, ಮನೆಬಳಕೆಯ ಯಂತ್ರಗಳ ಬಿಡಿಭಾಗ ಮತ್ತು ಸರ್ವಿಸ್ ವಿವರ ಜನರಿಗೆ ಸಿಗಲಿ ಎಂಬುದು ಅದರ ಉದ್ದೇಶ. ಆ್ಯಪ್ ಮತ್ತು ಸರ್ವರುಗಳೂ ಬಿಡಿಭಾಗಗಳೇ ಎಂದು ಅಲ್ಲಿ ಪರಿಗಣಿಸಬೇಕು. ಕಂಪನಿ ಸರ್ವರ್ ಮುಚ್ಚುವುದಾದರೆ, ಯಂತ್ರ ಬೇರೆ ಆ್ಯಪ್‌ನೊಂದಿಗೆ ಮಾತಾಡುವ ವಿಧಾನವನ್ನು ಬಹಿರಂಗ ಮಾಡಿ ಹೋಗಬೇಕು. ಬ್ಲೂಟೂತ್ ಒಕ್ಕೂಟ ತೂಕದ ಯಂತ್ರಗಳಿಗೆಂದೇ ಎಲ್ಲರಿಗೂ ಒಂದೇ ಆದ ಮಾದರಿಯನ್ನು ರೂಪಿಸಿ ಬಹಳ ವರ್ಷಗಳಾಗಿವೆ, ಹಾಗಾಗಿ ತಂತ್ರಜ್ಞಾನ ಇಲ್ಲ ಎಂಬ ನೆಪ ನಿಲ್ಲುವುದಿಲ್ಲ. ಎರಡೂ ಪಟ್ಟಿಗಳಲ್ಲಿ ನಡೆಯುವ, ಕಡಿಮೆ ವಿದ್ಯುತ್ ಬಳಸುವ ವೈಫೈ ಚಿಪ್ಪುಗಳೂ ಮಾರುಕಟ್ಟೆಗೆ ಬಂದಿವೆ.

ಇಲಾಖೆ ಎಚ್ಚರಾಗುವವರೆಗೆ ಗ್ರಾಹಕರ ಕೈಯಲ್ಲಿ ಎರಡು ಸಲಕರಣೆಗಳಿವೆ. ಕೊಳ್ಳುವ ಮೊದಲು ಅಂಗಡಿಯವರಿಗೆ, ಆನ್‌ಲೈನ್ ಆದರೆ ಪ್ರಶ್ನೆ ಕೇಳುವ ಜಾಗದಲ್ಲಿ, ‘ಫೋನ್ ಇಲ್ಲದೆ ಇದು ತೂಕ ತೋರಿಸುತ್ತದೆಯೇ?’ ಎಂದು ಕೇಳಿ ಉತ್ತರವನ್ನು ಉಳಿಸಿಕೊಳ್ಳಬೇಕು. ವಾಪಸ್ ಕೊಡುವ ಅವಧಿ ಮುಗಿಯುವ ಮುನ್ನವೇ ಜೋಡಿಸಿ ನೋಡಬೇಕು. ‘ಎಲ್ಲ ವೈಫೈಗೂ ಹೊಂದುತ್ತದೆ’ ಎಂದು ಬರೆದು ಹೊಂದದಿದ್ದರೆ ಅದು 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದಾದ ವಿಷಯ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಕರೆ ಉಚಿತ. ತೂಕ ಕಾಣದ ಯಂತ್ರದ ಬಗ್ಗೆ ಅಲ್ಲಿ ದಾಖಲಾಗುವ ಒಂದೊಂದು ದೂರೂ, ಡಬ್ಬದ ಮೇಲೆ ಆ ಸಾಲುಗಳು ಬೇಕೆಂದು ಇಲಾಖೆಯ ಮುಂದೆ ಸೇರುವ ಒಂದೊಂದು ಅರ್ಜಿ.